ಕುವೈತದ ಕಾಗದ, ತಾಯಿಯ ಬೆರಳು

ಬೀದರ ಮೈಸೂರು ರಾಜ್ಯಕ್ಕೆ ಸೇರಿ ಹತ್ತು ವರ್ಷವಾಗಿತ್ತು. ಮೈಸೂರು ಕಡೆಯ ಡಾಕ್ಟರ ಮಾತಿನ ಧಾಟಿ ಮಾತ್ರ ಇನ್ನೂ ಯಾರಿಗೂ ಹಳತಾಗಿರಲಿಲ್ಲ. ಆಸ್ಪತ್ರೆಯಲ್ಲಿ ಕಾಲಿನ ಪಟ್ಟಿ ಬದಲಿಸಲು ಕಾಯುತ್ತಿದ್ದ ಭಾಲ್ಕಿಯ ಮಚ್ಛೇಂದ್ರ ಮಾಸ್ತರು, ಪಕ್ಕದ ಬೆಂಚಿನಿಂದ ಆ ಧಾಟಿಯ ಅಣಕ ಕೇಳಿ ನಗಲು ತಿರುಗಿದವರು ನಗದೆ ಉಳಿದರು. ಅಲ್ಲಿ ಔರಾದದ ಜಿಜಾಬಾಯಿಯೂ ಅವಳ ತಮ್ಮ ಮಾಣಿಕನೂ ಕೂತಿದ್ದರು.

“‘ಇನ್ನೊಂದ್ಸಲ ಪೋಸ್ಟ್‌ಮಾರ್ಟಂ ಮಾಡ್ಬೇಕಾಗತ್ತಮ್ಮ’ ಅಂತಾರ ಡಾಕ್ಟರು. ಬ್ಯಾಡ ಅಕ್ಕ. ನಿನ್ನ ಮಗನ್ನ ಕುವೈತದಾಗ ಒಮ್ಮಿ ಕೊಯ್ದಾರ. ಜ್ವರ ಬಂದು ಸತ್ತಾನಂತ ಕಾಗದ ಕೊಟ್ಟಾರ.”

“ಜ್ವರಕ್ಕ ತಲಿ ಒಡಿತದೇನೋ?”

“ಹೆಣದ ಪೆಟಿಗಿ ಇಳಸುವಾಗ ಬಡದಿರಬೇಕು.”

“ಕಡೀ ಜಳಕಕ್ಕ ಎಣ್ಣಿ ಹಚ್ಚಿದಾಕಿ ನಾನು. ಹಿಂದಲಿಯಾಗ ಎರಡು ಬೆರಳು ಒಳಗ ಹೋದವು.”

“ನೀ ಎಣ್ಣಿ ಹಚ್ಚಿ ತೊಳದಿದ್ದೇ ತಪ್ಪಂತಾರ ಡಾಕ್ಟರು, ಗಾಯದ ಗುರುತು ಹೋಗ್ಯಾವಂತ. ಇನ್ನ ಕೊಯ್ದರ ಏನ್ ಸಿಗ್ತದ? ಮನ್ಯಾಗ ಮಂದಿ ಹೆಣಕ್ಕ ಕಾಯಕತ್ತಾರ. ಹೋದವ ತಿರುಗಿ ಬರ್ತಾನೇನು?”

“ಹೋದವನ ಸಲುವಾಗಿ ಅಲ್ಲ. ಸಣ್ಣಾವ ಪಂಢರಿ ಅಲ್ಲೇ ಅದಾನ. ಅಣ್ಣ ಮಲಗತಿದ್ದ ಖೋಲ್ಯಾಗೇ ಮಲಗ್ತಾನ. ಅದೇ ಮೇಸ್ತ್ರಿ ಕೈಯಾಗ ದುಡಿತಾನ.”

ಮಾಣಿಕ ಡಾಕ್ಟರು ಕೊಟ್ಟಿದ್ದ ಒಪ್ಪಿಗೆ ಕಾಗದವನ್ನು ಜೇಬಿನಿಂದ ತೆಗೆದು ಬಿಡಿಸಿದ.

“ಹೆಬ್ಬೆಟ್ಟು ಎಲ್ಲಿ ಒತ್ತಬೇಕು, ತೋರ್ಸು,” ಎಂದಳು ಜಿಜಾಬಾಯಿ.

ಇಬ್ಬರೂ ಎದ್ದು ಡಾಕ್ಟರ ಕೋಣೆಯತ್ತ ನಡೆದರು. ಬಾಗಿಲು ಮುಚ್ಚುವ ಮುಂಚೆ ಅವಳ ಮಾತು ಮಾಸ್ತರರಿಗೆ ಕೇಳಿಸಿತು:

“ಕುವೈತದವರು ಹೊಲಿದ ಹೊಲಿಗಿನೇ ಬಿಚ್ಚಲಿ ಅನ್ನು. ಬ್ಯಾರೆ ಕಡಿ ಕೊಯ್ಯದು ಬ್ಯಾಡ.”