ಬಾಗಿಲ ಮೊಳೆಯ ಗಂಟು

…ಆದ್ದರಿಂದ ನಿನ್ನೆ ನಾನು ಮಾತು ನಿಲ್ಲಿಸಿದ್ದು ಕುರಿಯ ಹತ್ತಿರ. ಅಧ್ಯಕ್ಷ ಹಿಲಾರಿಯೊ ಅವರೇ, ಬೆಂಚಿನ ಮೇಲಿರುವ ಅಣ್ಣಂದಿರೇ, ನೆಲದ ಮೇಲಿರುವ ಅಕ್ಕಂದಿರೇ, ಸಭಿಕರೇ.

ನಿನ್ನೆ ಲಾಪಾಜ್ ನಗರದಿಂದ ಬಂದ ಮೇಡಂ ನಮ್ಮ ಹೆಂಗಸರನ್ನು ದೌರ್ಜನ್ಯವೆಂದರೇನು ಎಂದು ಕೇಳಿದರು. ಏಟು ಎಂದು ಬರೆದುಕೊಳ್ಳಲು ಪೆನ್ನು ತೆರೆದಿದ್ದರು. ಮುದುಕಿ ನಿಕಾನೊರಾ ಹೇಳಿದ್ದೇನು? "ಏಟು ಎಲ್ರಿಗೂ ಕಾಣುತ್ತಮ್ಮ. ನನ್ನ ಕುರೀನ ಗಂಡ ನನ್ನ ಕೇಳ್ದೆ ಮಾರ್ತಾನಲ್ಲ, ಅದನ್ನೂ ಬರ್ಕೋ. ಸಭೇಲಿ ನಾನು ಬಾಯಿ ತೆಗೆದ್ರೆ ಕೇಳಿಸ್ದೋನ ಹಾಗೆ ಟೋಪಿ ಸರಿಮಾಡ್ಕೊಳ್ತಾನಲ್ಲ, ಅದನ್ನೂ." ಗಂಡಸರಲ್ಲಿ ಹಲವರ ಕೈ ಆಗಲೇ ಟೋಪಿಯ ಮೇಲಿತ್ತು. ನನ್ನದು ಅರ್ಧ ದಾರಿಯಲ್ಲಿ ನಿಂತಿತು.

ಈ ಉಣ್ಣೆಯ ಪೊಂಚೊ ಹೊದಿಸಿ ನೀವು ನನ್ನನ್ನು ಸನ್ಮಾನಿಸಿದ್ದೇಕೆ? ನಾನು ಧರ್ಮತಂದೆಯಾಗಿ ನಿಂತು ಮಾಡಿಸಿದ ಮದುವೆಗಳಲ್ಲಿ ಒಂದು ಮನೆಯೂ ಮುರಿಯಲಿಲ್ಲವೆಂದು. ಜಗಳವಾದಾಗ ನಾನೂ ನನ್ನ ಹೆಂಡತಿ ಕಸಿಲ್ದಾಳೂ ಹೋಗುತ್ತಿದ್ದೆವು. ಗಂಡಹೆಂಡಿರನ್ನು ಮಂಡಿಯೂರಿಸಿ ನಾನು ಸಹನೆಯ ಬಗ್ಗೆ ಮಾತಾಡುತ್ತಿದ್ದೆ. ಓದಿದವರ ಮಾತಿನಲ್ಲಿ ಅದಕ್ಕೆ ಪರಸ್ಪರ ಏನೋ ಅನ್ನುತ್ತಾರೆ. ಎರಡನೆಯ ಪದ ಮರೆತಿದೆ. ಹೊರಡುವಾಗ ಕಸಿಲ್ದಾ ಹುಡುಗಿಯ ಕಿವಿಯಲ್ಲಿ ಹೇಳುತ್ತಿದ್ದಳು: "ಬಟ್ಟೆ ಗಂಟು ಬಿಚ್ಬೇಡ ಮಗಳೇ." ಚಳಿಗೆಂದು ಹೇಳುತ್ತಾಳೆ ಅಂದುಕೊಂಡಿದ್ದೆ. ನಮ್ಮ ಮನೆಯಲ್ಲೂ ಅವಳದೊಂದು ಗಂಟು, ಎರಡು ಲಂಗ, ದಾರಿಗಾಗುವಷ್ಟು ಒಣ ಆಲೂಗಡ್ಡೆ, ಬಾಗಿಲ ಮೊಳೆಯಲ್ಲಿ ಕೊನೆಯವರೆಗೂ ತೂಗುತ್ತಿತ್ತು. ನಮ್ಮ ಮನೆಯಲ್ಲಿ ಚಳಿ ಹೆಚ್ಚು.

ಇರಲಿ. ಈಗ ನಮ್ಮ ಧರ್ಮಪುತ್ರಿ ಪ್ರಿಮಿತಿವಾಳ ವಿಷಯ. ಗಂಡ ರುಫಿನೊ ಮುರಿದ ಅವಳ ಕೈ ಇನ್ನೂ ಕೂಡಿಲ್ಲ. ಆಲೂಗಡ್ಡೆ ಕೀಳುವ ಕಾಲದಿಂದ ನನ್ನ ಮನೆಯಲ್ಲಿದ್ದಾಳೆ. ಅಧ್ಯಕ್ಷರು ಊಟಕ್ಕೆ ಕೂತಾಗ, "ಒಂದು ಬುದ್ಧಿಮಾತು ಹೇಳಿ ಕಳಿಸಿಬಿಡಿ ಯಜಮಾನ್ರೇ, ನಿಮ್ಮ ಮಾತು ಮೀರ್ತಾಳಾ?" ಎಂದರು. ಹೇಳಬಹುದಿತ್ತು. ಆದರೆ ನಮ್ಮಲ್ಲಿ ಅಧಿಕಾರವಿರುವುದು ಜೋಡಿಗೆ. ಗಂಡು ಹೆಣ್ಣು ಎರಡು ಬಾಯಿ ಸೇರದೆ ಬುದ್ಧಿಮಾತು ಮಾತಾಗುವುದಿಲ್ಲ. ಇದನ್ನು ನನಗೆ ತಿಳಿಸಿದವರು ನೀವೇ, ಕಸಿಲ್ದಾ ತೀರಿಕೊಂಡ ವರ್ಷ ನನ್ನಿಂದ ಅಧಿಕಾರದ ಕೋಲು ಹಿಂದಕ್ಕೆ ಪಡೆದಾಗ. ಈಗ ನನ್ನಲ್ಲಿರುವುದು ಒಂದೇ ಬಾಯಿ. ಇನ್ನೊಂದು ಬಾಯಿ ಹೇಳಿಹೋದದ್ದು ಗಂಟಿನ ಮಾತು ಮಾತ್ರ.

ಇವತ್ತು ಬೆಳಗ್ಗೆ ನೋಡಿದೆ. ಪ್ರಿಮಿತಿವಾ ಗಂಡನ ಮನೆಯಿಂದ ತಂದ ತನ್ನ ಗಂಟು ಬಿಚ್ಚಿದ್ದಾಳೆ. ಬಟ್ಟೆಗಳನ್ನೆಲ್ಲ ಒಂದೇ ಕೈಯಲ್ಲಿ ಒಗೆದು ನನ್ನ ಹಿತ್ತಲ ಗೋಡೆಯ ಮೇಲೆ ಹರವಿದ್ದಾಳೆ.

ರುಫಿನೊ, ಹಿಂದಿನ ಸಾಲಿನಲ್ಲಿ ಕೂತಿದ್ದೀಯ. ಅವಳಿಗಾಗಿ ಕಾಯಬೇಡಪ್ಪ, ಮನೆಗೆ ಹೋಗು. ಅಧ್ಯಕ್ಷರೇ, ಪೊಂಚೊ ಬೆಂಚಿನ ಮೇಲೆ ಇಡುತ್ತಿದ್ದೇನೆ. ಒಂದು ಮನೆ ಮುರಿದಿದೆ.

ಇನ್ನೂ ಹೇಳುವುದಿತ್ತು. ಆದರೆ ಕಿಟಕಿಯಲ್ಲಿ ಬೆಳಕು ಇಳಿಯುತ್ತಿದೆ. ಹಿಮ ಬೀಳುವ ಮೊದಲು ಬಟ್ಟೆ ಒಳಗೆ ತೆಗೆಯಬೇಕು, ಅವಳಿಗೆ ಒಂದು ಕೈ ಸಾಲದು. ಕೂತು ಕೇಳಿದ್ದಕ್ಕೆ, ನೆಲದ ಮೇಲೆ ಕೂತವರಿಗೆ ಮೊದಲು, ವಂದನೆಗಳು. ನಮಸ್ಕಾರ.