ಹದಿನೆಂಟು ಕಿಲೋ ಜಾಕೀಟು

ಹೆಸರು: ವನಮಾಲಾ. ವಯಸ್ಸು: 39 ವರ್ಷ. ಗಂಡನ ಹೆಸರು: ತಿರುಮಲೇಶ (ರೇಷನ್ ಕಾರ್ಡ್ ನೋಡಿ ಬರೆದುಕೊಂಡಿದೆ). ಉದ್ಯೋಗ: ಮನೆಯಲ್ಲಿ ಹೊಲಿಗೆ ಕೆಲಸ. ಸ್ವಂತ ಊರು: ಚನ್ನಪಟ್ಟಣ. ಹಾಲಿ ವಾಸ: ಮೂರನೇ ಮಹಡಿ, ಬ್ಲಾಕ್ ನಂಬರ್ 14, ಚೆಂಬೂರು, ಮುಂಬಯಿ. ಬಿಲ್ಡಿಂಗಿಗೆ ಲಿಫ್ಟ್ ಇಲ್ಲ.

ಇಂದು ದಿನಾಂಕ 14-9-1986, ಭಾನುವಾರ, ಬೆಳಿಗ್ಗೆ 9-20ಕ್ಕೆ ಠಾಣೆಯಲ್ಲಿ ಹಾಜರಿದ್ದು, ಕೇಳಿದ ಮೇರೆಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ:

ನನಗೆ ಮರಾಠಿ ಅರ್ಥವಾಗುತ್ತದೆ, ಆದರೆ ಸಿಟ್ಟು ಬಂದಾಗ ಆಡಲು ಬರುವುದಿಲ್ಲ. ಈಗ ಸಿಟ್ಟು ಬಂದಿದೆ. ಆದ್ದರಿಂದ ಕನ್ನಡದಲ್ಲಿ ಹೇಳುತ್ತಿದ್ದೇನೆ. ಹೆಡ್ ಕಾನ್ಸ್‌ಟೇಬಲ್ ನೀಲಕಂಠಪ್ಪನವರು ಅಕ್ಕಲಕೋಟೆ ಕಡೆಯವರಾದ್ದರಿಂದ ಕನ್ನಡದಲ್ಲೇ ಬರೆದುಕೊಳ್ಳುತ್ತಿದ್ದಾರೆ. ಮರಾಠಿಗೆ ಅವರೇ ಮಾಡಿಕೊಳ್ಳುತ್ತಾರಂತೆ.

ನನ್ನ ಯಜಮಾನರು ಒಂದು ಕಾರ್ಖಾನೆಯಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದರು. 12-5-1984ರಂದು ಅವರಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಮಲಗಿ ಮಲಗಿ ಎಡಗಾಲೂ ಸೋತಿದೆ. ವಾರಕ್ಕೆ ಮೂರು ದಿನ ಆಸ್ಪತ್ರೆಗೆ ಕರೆತಂದು ಕಾಲಿಗೆ ವ್ಯಾಯಾಮ ಮಾಡಿಸಿದರೆ ಕೋಲು ಹಿಡಿದು ನಿಲ್ಲುವಂತಾಗುತ್ತಾರೆ, ತಡಮಾಡಿದಷ್ಟೂ ಕಾಲು ಮರಗಟ್ಟುತ್ತದೆ ಎಂದು ಡಾಕ್ಟರು ಹೇಳಿದ್ದರು. ಕೆಲವು ತಿಂಗಳು ಬಿಲ್ಡಿಂಗಿನ ನಾಲ್ವರು ಗಂಡಸರು ಅವರನ್ನು ಕುರ್ಚಿಯಲ್ಲಿ ಕೂರಿಸಿ ಇಳಿಸಿಕೊಡುತ್ತಿದ್ದರು. ಉಪಕಾರ ಮರೆತಿಲ್ಲ.

3-11-1984ರಂದು ಚಳಿಯೆಂದು ನಾನು ಅವರಿಗೆ ಕುತ್ತಿಗೆಯವರೆಗೆ ಬಿಳಿ ದುಪ್ಪಟಿ ಹೊದಿಸಿದ್ದೆ. ಎರಡನೇ ಮಹಡಿಯ ತಿರುವಿನಲ್ಲಿ ಯಾರ ಮನೆಗೋ ಬಂದಿದ್ದ ಹೆಂಗಸೊಬ್ಬರು ಎದುರಾದರು. ನಾಲ್ವರು ಹೊತ್ತಿರುವುದನ್ನೂ ಬಿಳಿ ಬಟ್ಟೆಯನ್ನೂ ನೋಡಿ ಆಕೆ ತಲೆಯ ಮೇಲೆ ಸೆರಗು ಹೊದ್ದು, ಗೋಡೆಗೆ ಒತ್ತಿಕೊಂಡು ಕೈ ಮುಗಿದರು. ಯಜಮಾನರು ಕಣ್ಣು ಬಿಟ್ಟೇ ಇದ್ದರು. ಅಂದು ಆಸ್ಪತ್ರೆಯಿಂದ ಬಂದ ಮೇಲೆ, ಇನ್ನು ನಾಲ್ಕು ಜನ ನನ್ನನ್ನು ಹೊರುವುದು ಒಂದೇ ಸಲ, ಅಲ್ಲಿಯವರೆಗೆ ಬೇಡ ಎಂದರು. ಇವತ್ತಿನವರೆಗೆ, ಒಂದು ವರ್ಷ ಹತ್ತು ತಿಂಗಳು, ಅವರು ಹೊಸಿಲು ದಾಟಿರಲಿಲ್ಲ. ಬೇಡಿಕೊಂಡೆ, ಜಗಳವಾಡಿದೆ, ಎರಡು ದಿನ ಮಾತು ಬಿಟ್ಟೆ. ಅವರದು ಒಂದೇ ಹಟ.

ನಾಲ್ಕು ಜನ ಬೇಡವೆಂದರೆ ಒಬ್ಬಳು ಸಾಕಲ್ಲ ಎಂದು ನನಗೆ ಹೊಳೆದದ್ದು ಈ ವರ್ಷ ಜನವರಿಯಲ್ಲಿ. ಯಜಮಾನರ ತೂಕ 46 ಕಿಲೋ. ನನ್ನದು 61. ಯಾರಿಗೂ ಹೇಳದೆ 20 ಕಿಲೋ ಅಕ್ಕಿ ಮೂಟೆಯನ್ನು ಬೆನ್ನಿಗೇರಿಸಿ ಮೆಟ್ಟಿಲು ಹತ್ತಿದೆ. ನಮ್ಮ ಬಿಲ್ಡಿಂಗಿನಲ್ಲಿ ಮಹಡಿಗೆ 18ರಂತೆ 54 ಮೆಟ್ಟಿಲು. 31ನೆಯದರ ಮೇಲೆ ಕುಳಿತುಬಿಟ್ಟೆ. ಎದೆ ಡವಡವ ಎನ್ನುತ್ತಿತ್ತು.

ಅದನ್ನು ನೋಡಿದವರು ಪಕ್ಕದ ಬಿಲ್ಡಿಂಗಿನ ವಾಚ್‌ಮನ್ ಮುರಿಗೆಪ್ಪನವರು. ವಯಸ್ಸು ಅರವತ್ತರ ಮೇಲಿದೆ, ಗೋಕಾಕ ಕಡೆಯವರು, ಪ್ರಾಯದಲ್ಲಿ ಕುಸ್ತಿ ಹಿಡಿದವರು. ನನ್ನ ಉದ್ದೇಶ ಕೇಳಿ ಅವರು ನಗಲಿಲ್ಲ. ಈ ಒಂದು ಕಾರಣಕ್ಕೆ ನಾನು ಅವರನ್ನು ಅಣ್ಣ ಎಂದು ಕರೆಯುತ್ತೇನೆ. ಅವರು ಆಡಿದ್ದನ್ನು ಇದ್ದ ಹಾಗೇ ಬರೆಯಬೇಕು: “ತಂಗೀ, ಎತ್ತೂದು ಬ್ಯಾರೆ, ಎತ್ತಿಕೊಂಡು ನಡಿಯೂದು ಬ್ಯಾರೆ. ನಿನಗ ತಾಕತ್ ಐತಿ, ದಮ್ ಇಲ್ಲ. ಎರಡೂ ಕೂಡೇ ಬೆಳಸಬೇಕು.” ಮೂಟೆ ಬೆನ್ನಿನ ಮೇಲೆ ಜರುಗುತ್ತದೆ, ತೂಕವನ್ನು ಮೈಗೆ ಕಟ್ಟಿಕೊಂಡು ಸ್ವಲ್ಪ ಸ್ವಲ್ಪವೇ ಏರಿಸಬೇಕು ಎಂದೂ ಹೇಳಿದರು.

ಮೈಗೆ ಕಟ್ಟಿಕೊಳ್ಳುವುದೆಂದರೆ ಹೊಲಿಗೆಯ ಮಾತು, ಅದನ್ನು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಟೆಂಟಿನ ದಪ್ಪ ಬಟ್ಟೆಯಲ್ಲಿ ತೋಳಿಲ್ಲದ ಜಾಕೀಟು ಹೊಲಿದೆ. ಮುಂದೆ 36, ಹಿಂದೆ 36, ಒಟ್ಟು 72 ಸಣ್ಣ ಜೇಬು. ಮುರಿಗೆಪ್ಪನವರ ಗುರುತಿನವರು ಕುರ್ಲಾದ ವರ್ಕ್‌ಶಾಪಿನಲ್ಲಿ ಕಬ್ಬಿಣದ ಪಟ್ಟಿ ಕತ್ತರಿಸಿಕೊಟ್ಟರು, ಒಂದೊಂದೂ ಕಾಲು ಕಿಲೋ. ಬೆವರು ತಗಲಿದರೆ ತುಕ್ಕು ಹಿಡಿಯುತ್ತದೆ, ತುಕ್ಕಿನ ಕಲೆ ಹೋಗುವುದಿಲ್ಲ. ಆದ್ದರಿಂದ ಪ್ರತಿಯೊಂದನ್ನೂ ಉಳಿದ ಲೈನಿಂಗ್ ಬಟ್ಟೆಯಲ್ಲಿ ಸುತ್ತಿ ಹೊಲಿದೆ. ಉಳಿದಿದ್ದ ಬಟ್ಟೆ ಹಳದಿ. ಹಳದಿಯಾದದ್ದಕ್ಕೆ ಬೇರೆ ಕಾರಣವಿಲ್ಲ.

ದಿನಾಂಕ 1-2-1986ರಂದು 12 ತುಂಡು, ಅಂದರೆ 3 ಕಿಲೋ ಹಾಕಿ ಆರಂಭಿಸಿದೆ. ಹದಿನೈದು ದಿನಕ್ಕೊಮ್ಮೆ ನಾಲ್ಕು ತುಂಡು ಸೇರಿಸಿದೆ. ಮೊದಲ ತಿಂಗಳು ನಾನು ಒಂದು ದಿನ ಬಸ್ಕಿ, ಮರುದಿನ ಮೆಟ್ಟಿಲು ಮಾಡುತ್ತಿದ್ದೆ. ಮುರಿಗೆಪ್ಪನವರು ಬೈದರು. ಗಂಡನನ್ನು ಇವತ್ತು ಎತ್ತಿ ನಾಳೆ ಇಳಿಸುತ್ತೀಯೇನು ಎಂದು ಕೇಳಿದರು. ಆಮೇಲೆ ಅವರು ಹೇಳಿದಂತೆ ಬೆಳಿಗ್ಗೆ 5 ಗಂಟೆಗೆ ಅಡುಗೆಮನೆಯಲ್ಲಿ 15 ಬಸ್ಕಿ, ಗೋಡೆಗೆ ಕೈಕೊಟ್ಟು 15 ದಂಡ, ಕೂರದೆ ನೇರ ಮೆಟ್ಟಿಲಿಳಿದು ಮತ್ತೆ ಹತ್ತುವುದು. ಹೀಗೆ ಆರು ಸುತ್ತು. ಯಜಮಾನರು ಮಾತ್ರೆಯ ಮಂಪರಿನಲ್ಲಿ ಆರರವರೆಗೆ ಏಳುವುದಿಲ್ಲ. ಜಾಕೀಟಿನ ಮೇಲೆ ಅವರದೇ ಹಳೆಯ ಶರ್ಟು ಹಾಕಿಕೊಳ್ಳುತ್ತಿದ್ದೆ. ಅವರಿಗೆ ಗೊತ್ತಾದರೆ ತಡೆಯುತ್ತಾರೆಂದು ಹೇಳಿರಲಿಲ್ಲ. ಈ ವಿಷಯದಲ್ಲಿ ಮಾತ್ರ ನಾನು ಕಳ್ಳಿ.

ಸುತ್ತಿನ ನಡುವೆ ಎಷ್ಟು ನಿಲ್ಲಬೇಕೆಂಬುದಕ್ಕೆ ಮುರಿಗೆಪ್ಪನವರು ಗಡಿಯಾರ ಹೇಳಲಿಲ್ಲ. ನಿನ್ನ ಹೆಸರು, ಗಂಡನ ಹೆಸರು, ಊರ ಹೆಸರು ಒಂದೇ ಉಸಿರಿನಲ್ಲಿ ಹೇಳಲು ಬಂದರೆ ಮುಂದಿನ ಸುತ್ತಿಗೆ ಹೊರಡು ಎಂದರು. ಗಂಡನ ಹೆಸರು ಹಿಡಿದು ಹೇಳುವ ವಾಡಿಕೆ ನಮ್ಮಲ್ಲಿಲ್ಲ. ಮದುವೆಯಾದ ಇಪ್ಪತ್ತು ವರ್ಷದಲ್ಲಿ ನಾನು ಆ ಹೆಸರನ್ನು ಹೇಳಿದ್ದು ಮೆಟ್ಟಿಲ ಮೇಲೆ ಮಾತ್ರ, ಗೋಡೆಯ ಕಡೆ ತಿರುಗಿಕೊಂಡು.

ಇದನ್ನು ಕೇಳಿಸಿಕೊಂಡವರು ಮೊದಲ ಮಹಡಿಯ ಸತ್ಯಮೂರ್ತಿಯವರು. ಅವರು ನಮ್ಮ ಸೊಸೈಟಿಯ ಕಾರ್ಯದರ್ಶಿ, ಬ್ಯಾಂಕಿನಿಂದ ನಿವೃತ್ತರು. ಕೆಟ್ಟವರಲ್ಲ, ಆದರೆ ಪೇಪರನ್ನು ಮೊದಲ ಪುಟದಿಂದ ಕೊನೆಯವರೆಗೆ ಓದುತ್ತಾರೆ. ಜೇಬು ಜೇಬಿನ ಜಾಕೀಟಿನಲ್ಲಿ ಚಿನ್ನದ ಬಿಸ್ಕತ್ತು ಸಾಗಿಸುವ ಸುದ್ದಿ ಅವರಿಗೆ ಬಾಯಿಪಾಠ. 30-8-1986ರಂದು ಬೆಳಿಗ್ಗೆ ನಾನು ತಿರುವಿನಲ್ಲಿ ನಿಂತು ಜಾರಿದ ಹಳದಿ ತುಂಡನ್ನು ಜೇಬಿಗೆ ತುರುಕಿದ್ದನ್ನು ಅವರು ಬಾಗಿಲ ಸಂದಿಯಿಂದ ಕಂಡಿದ್ದಾರೆ. ಅಂದಿನಿಂದ ನಿನ್ನೆಯವರೆಗೆ ನಾನು ಅವರ ಬಾಗಿಲು ದಾಟಿದ ಸಮಯವನ್ನೆಲ್ಲ ಬರೆದಿಟ್ಟಿದ್ದಾರೆ. ದಿನಕ್ಕೆ ಹನ್ನೆರಡು ಸಲ ಓಡಾಡುತ್ತಾಳೆ, ಯಾವುದೋ ಸಂಕೇತದ ಹೆಸರುಗಳನ್ನು ಗೋಡೆಯ ಆಚೆಗೆ ಹೇಳುತ್ತಾಳೆ ಎಂದು ನಿನ್ನೆ ಸಂಜೆ ದೂರು ಕೊಟ್ಟಿದ್ದಾರೆ. ಚಿನ್ನ ಸಾಗಿಸುವವಳು ಅದೇ ಮೆಟ್ಟಿಲ ಮೇಲೆ ಆರು ಸಲ ಇಳಿದು ಆರು ಸಲ ಹತ್ತಿ ಕೊನೆಗೆ ಮನೆಗೇ ಏಕೆ ತರುತ್ತಾಳೆ ಎಂದು ಅವರು ಯೋಚಿಸಿದಂತಿಲ್ಲ.

ಇಂದು ಬೆಳಿಗ್ಗೆ ಕೊನೆಯ ನಾಲ್ಕು ತುಂಡು ಸೇರಿಸಿದ್ದೆ. 72 ತುಂಡು, 18 ಕಿಲೋ. 6-40ಕ್ಕೆ ಸಬ್ ಇನ್ಸ್‌ಪೆಕ್ಟರ್ ಸಾಹೇಬರು ಇಬ್ಬರು ಪೇದೆಗಳೊಂದಿಗೆ ಬಂದರು. ನಾನು ಇನ್ನೂ ಜಾಕೀಟು ಬಿಚ್ಚಿರಲಿಲ್ಲ. ಬಿಚ್ಚಿಸಿ, ಒಂಬತ್ತು ತುಂಡುಗಳ ಹೊಲಿಗೆ ಕತ್ತರಿಸಿ ನೋಡಿದರು. ಕಬ್ಬಿಣ. ಹೊಲಿಗೆ ಹಾಳಾದದ್ದಕ್ಕೆ ನನಗೆ ಸಿಟ್ಟು. ಹೆಂಗಸು ಹದಿನೆಂಟು ಕಿಲೋ ಕಬ್ಬಿಣ ಏಕೆ ತೊಡುತ್ತಾಳೆ ಎಂದು ಸಾಹೇಬರು ಮೂರು ಸಲ ಕೇಳಿದರು. ಮಂಚದ ಮೇಲೆ ಯಜಮಾನರು ಎಚ್ಚರಾಗಿದ್ದರು. ಇಷ್ಟು ದಿನ ಮುಚ್ಚಿಟ್ಟದ್ದನ್ನು ಅವರ ಎದುರೇ ಹೇಳಬೇಕಾಯಿತು. ಹೇಳಿದೆ. ಯಾರ ಮುಖವನ್ನೂ ನೋಡಲಿಲ್ಲ.

ಸಾಹೇಬರ ದನಿ ಮೆತ್ತಗಾಯಿತು. ಆದರೂ ದೂರು ಮುಗಿಸಲು ಮನೆ ಯಾರ ಹೆಸರಿನಲ್ಲಿದೆಯೋ ಅವರ ಸಹಿಯೂ ಬೇಕು, ಪೇದೆಗಳು ಕುರ್ಚಿಯಲ್ಲಿ ಇಳಿಸುತ್ತಾರೆ, ಇಲ್ಲವೇ ಕಾಗದ ಇಲ್ಲಿಗೇ ಕಳಿಸುತ್ತೇನೆ ಎಂದರು. ಯಜಮಾನರು ಎರಡೂ ಬೇಡವೆಂದರು. ಆಮೇಲೆ ನನ್ನನ್ನು ಕೇಳಿದರು, “ಒಟ್ಟು ಎಷ್ಟು ತೂಕ ಹೊರ್ತೀಯ?” ಜಾಕೀಟು ಹದಿನೆಂಟು, ಭಾನುವಾರ ಅದರ ಮೇಲೆ ಅಕ್ಕಿ ಮೂಟೆ ಇಪ್ಪತ್ತು ಎಂದೆ. “ನಾನು ನಲವತ್ತಾರಿದ್ದೀನಲ್ಲೇ.” ದಿನಾ ಹಾಸಿಗೆಯಿಂದ ಎತ್ತುವವಳು ನಾನೇ, ನನಗೆ ಗೊತ್ತಿಲ್ಲವೇ ಎಂದೆ. ಅವರು ಎಡಗೈಯಿಂದ ಹೊದಿಕೆ ಸರಿಸಿ, “ಹಾಗಾದ್ರೆ ನಡಿ, ನೋಡೇಬಿಡೋಣ” ಎಂದರು.

ನನ್ನ ಅಭ್ಯಾಸದಲ್ಲಿ ಇನ್ನೂ ಎಂಟು ಕಿಲೋ ಕಡಿಮೆ ಇತ್ತು. ನನಗೆ ಭಯವಾಯಿತು. ಬಿದ್ದರೆ ಇಬ್ಬರೂ ಬೀಳುತ್ತೇವೆ, ಆಮೇಲೆ ಅವರು ಈ ಜನ್ಮದಲ್ಲಿ ಇಳಿಯುವುದಿಲ್ಲ. ಮುರಿಗೆಪ್ಪನವರನ್ನು ಕರೆಸಿದೆ. ಅವರು ಯಜಮಾನರನ್ನು ನನ್ನ ಬೆನ್ನಿಗೆ ಹಳೆಯ ಸೀರೆಯಿಂದ ಬಿಗಿದು ಕಟ್ಟಿದರು. ತಾವು ನನ್ನ ಮುಂದೆ ಎರಡು ಮೆಟ್ಟಿಲು ಕೆಳಗೆ, ನನ್ನ ಕಡೆ ಮುಖ ಮಾಡಿ ಹಿಂದೆ ಹಿಂದೆ ಇಳಿದರು. ಪೇದೆಗಳು ಕುರ್ಚಿ ಹಿಡಿದು ಹಿಂದಿನಿಂದ ಬಂದರು.

7-52ಕ್ಕೆ ಹೊರಟೆವು. ಮೊದಲ 18 ಮೆಟ್ಟಿಲು ಸುಲಭವಾಯಿತು. ತಿರುವಿನಲ್ಲಿ ಗೋಡೆಗೆ ಒರಗಿ ನಿಂತೆ. ಎರಡನೆಯ ಹದಿನೆಂಟರಲ್ಲಿ ಎಡತೊಡೆ ನಡುಗತೊಡಗಿತು, ನಾನು ಉಸಿರು ಬಿಗಿಹಿಡಿದಿದ್ದೆ. “ಉಸರು ಬಿಡು ತಂಗಿ, ಉಸರು ಬಿಡು, ಗಂಡ ಎಲ್ಲೂ ಓಡಿ ಹೋಗಂಗಿಲ್ಲ” ಎಂದರು ಮುರಿಗೆಪ್ಪನವರು. ಬಿಟ್ಟೆ. ಕಾಲಿನ ನಡುಕ ನಿಂತಿತು. ಮೊದಲ ಮಹಡಿಯಲ್ಲಿ ಸತ್ಯಮೂರ್ತಿಯವರು ಬಾಗಿಲಲ್ಲಿ ನಿಂತಿದ್ದರು, ಮುಖ ಸಪ್ಪಗಾಗಿತ್ತು. ಯಜಮಾನರು ನನ್ನ ಭುಜದ ಮೇಲಿನಿಂದ, “ನಮಸ್ಕಾರ ಸತ್ಯಮೂರ್ತಿಗಳೇ, ಚಿನ್ನ ಇಳೀತಾ ಇದೆ, ಸ್ವಲ್ಪ ದಾರಿ ಬಿಡಿ” ಎಂದರು. ಅವರು ತಮಾಷೆ ಮಾಡಿ ಎರಡು ವರ್ಷವಾಗಿತ್ತು. ನನಗೆ ನಗು ಬಂದು ಎರಡು ಮೆಟ್ಟಿಲು ನಿಂತು ನಿಂತು ಇಳಿಯಬೇಕಾಯಿತು. ಸತ್ಯಮೂರ್ತಿಯವರು ದಾರಿ ಬಿಟ್ಟದ್ದಲ್ಲದೆ, ಕೆಳಗೆ ಓಡಿ ಗೇಟು ತೆರೆದರು.

8-03ಕ್ಕೆ ನೆಲ ಮುಟ್ಟಿದೆವು. 54 ಮೆಟ್ಟಿಲು, 11 ನಿಮಿಷ. ಸೀರೆ ಬಿಚ್ಚಿ ಅವರನ್ನು ಕುರ್ಚಿಯಲ್ಲಿ ಕೂರಿಸಿದ ಮೇಲೆ ನಾನು ನೆಲದ ಮೇಲೆ ಕುಳಿತು ಅತ್ತೆ. ನೋವಿಗಲ್ಲ, ಬಹಳ ಸಂತೋಷವಾಗಿತ್ತು. ಯಜಮಾನರು ಗೇಟಿನಾಚೆ ನೋಡುತ್ತ, ಎದುರಿನ ಅಂಗಡಿಗೆ ಯಾವಾಗ ಹಸಿರು ಬಣ್ಣ ಬಳಿದರು ಎಂದು ಕೇಳಿದರು. ಅಲ್ಲಿಂದ ಪೊಲೀಸ್ ಜೀಪಿನಲ್ಲಿ ಸುಮಾರು ಒಂದು ಕಿಲೋಮೀಟರ್ ದೂರದ ಠಾಣೆಗೆ ಬಂದೆವು. ಸತ್ಯಮೂರ್ತಿಯವರ ಮೇಲೆ ನನ್ನ ದೂರೇನೂ ಇಲ್ಲ. ನಾಳೆ ಸೋಮವಾರ ಆಸ್ಪತ್ರೆಗೆ ಹೊರಡಲು ಯಜಮಾನರು ಜೀಪಿನಲ್ಲೇ ಒಪ್ಪಿದ್ದಾರೆ. ಪೇದೆಗಳು ಸಾಕ್ಷಿ.

ಜಪ್ತಿ ಮಾಡಿದ ಜಾಕೀಟು ವಾಪಸು ಬೇಕೇ, ಇನ್ನು ಅದರ ಅಗತ್ಯವೇನು ಎಂದು ಸಾಹೇಬರು ಈಗ ಕೇಳುತ್ತಿದ್ದಾರೆ. ಬೇಕು, 72 ತುಂಡೂ ಬೇಕು. ನಾನು ಅವರನ್ನು ಇಳಿಸಿದ್ದೇನೆ ಅಷ್ಟೆ, ಹತ್ತಿಸುವುದು ಇನ್ನೂ ಕಷ್ಟ. ಒಬ್ಬಳೇ ಹತ್ತಿಸಲು ಇನ್ನೂ ಎರಡು ತಿಂಗಳಾದರೂ ಬೇಕೆಂದು ಮುರಿಗೆಪ್ಪನವರ ಅಂದಾಜು. ಅಲ್ಲಿಯವರೆಗೆ ಅವರೂ ನಾನೂ ಕೈಗೆ ಕೈ ಹೆಣೆದು, ಅದರ ಮೇಲೆ ಕೂರಿಸಿಕೊಂಡು ಹತ್ತಿಸುವುದೆಂದು ಮಾತಾಗಿದೆ. ಇವತ್ತು ಎಷ್ಟು ಹೊತ್ತಿಗೆ ಹತ್ತಿಸೋಣ ಎಂದು ಯಜಮಾನರನ್ನು ಕೇಳಿದೆ. ಅವರು ಠಾಣೆಯ ಹೊರಗಿನ ಬೆಂಚಿನ ಮೇಲೆ ಬಿಸಿಲಿಗೆ ಮುಖ ಕೊಟ್ಟು ಕುಳಿತಿದ್ದಾರೆ. ಅವಸರವೇನಿಲ್ಲ, ಮೊದಲು ಮಾಟುಂಗಕ್ಕೆ ಹೋಗಿ ದೋಸೆ ತಿಂದು ಬರೋಣ ಎಂದರು.

ಇಷ್ಟನ್ನೂ ನೀಲಕಂಠಪ್ಪನವರು ಓದಿ ಹೇಳಿದ್ದಾರೆ. ನಾನು ಹೇಳಿದ್ದೇ ಇದರಲ್ಲಿದೆ. ಯಾರ ಒತ್ತಾಯವೂ ಇಲ್ಲದೆ ಹೇಳಿದ್ದೇನೆ, ಎಲ್ಲವೂ ನಿಜ.

ಸ್ಥಳ: ಚೆಂಬೂರು, ಮುಂಬಯಿ
ದಿನಾಂಕ: 14-9-1986, ಬೆಳಿಗ್ಗೆ 10-35

ಸಹಿ: ವನಮಾಲಾ

ನನ್ನ ಸಮಕ್ಷಮ ಬರೆದುಕೊಂಡದ್ದು: ನೀಲಕಂಠಪ್ಪ, ಹೆಡ್ ಕಾನ್ಸ್‌ಟೇಬಲ್

ಮನೆಯ ಯಜಮಾನರ ಸಹಿ: ತಿರುಮಲೇಶ (ಎಡಗೈಯಿಂದ, ಸ್ವತಃ ಠಾಣೆಗೆ ಬಂದು)