ತಿದ್ದದೇ ಬಿಟ್ಟ ಮಾತು

...ಅಲ್ಲ ನಿಧಿ, ಮೂರು ಜೊತೆ ಸಾಲಲ್ಲ, ನಾಲ್ಕು ಜೊತೆ ಸಾಕ್ಸ್ ತಗೋ. ಮಳೆ ಜಾಕೆಟ್ ಬ್ಯಾಗಿನ ತಳಕ್ಕೆ ತುರುಕಬೇಡ, ಎಲ್ಲದಕ್ಕಿಂತ ಮೇಲಿರಲಿ. ಇಲ್ಲ, ಬ್ಯಾಗೇ ಬೇಡ, ಮೈಮೇಲೇ ಇರಲಿ. ನಗಬೇಡ ನೀನು. ಶಾಲೆಯವರ ಜೊತೆ ಎರಡು ದಿನ ಬೆಟ್ಟ ಹತ್ತೋಕೆ ಹೋಗ್ತಿದೀಯ, ಹೋಗು, ನಾನು ಬೇಡ ಅನ್ನಲ್ಲ. ಬೆಳಿಗ್ಗೆ "ಅಜ್ಜೀ, ಸ್ಟಾಪ್ ಕರೆಕ್ಟಿಂಗ್ ಮಿ" ಅಂದುಬಿಟ್ಟು ಬಾಗಿಲು ದಡ್ ಅಂತ ಹಾಕ್ಕೊಂಡೆಯಲ್ಲ, ಅದಕ್ಕೂ ನನಗೆ ಕೋಪ ಇಲ್ಲ ಕಣೆ. ಆ ಮಾತನ್ನ ಮುಂಚೆ ಒಂದ್ಸಲ ಕೇಳಿದ್ದೆ, ಅದಕ್ಕೇ ಸುಮ್ಮನಾದೆ. ಇಳಾ, ನೀನೂ ಬಾ, ಅಕ್ಕನ ಪಕ್ಕ ಕೂತ್ಕೋ. ನಿಮ್ಮ ತಾತ ಹೋದದ್ದು ಹೇಗೆ ಅಂತ ನಿಮಗೆ ಏನು ಗೊತ್ತು ಹೇಳಿ ನೋಡೋಣ. "ದ ಗೈಡ್ ಫರ್‌ಗಾಟ್ ಟು ಕೌಂಟ್", ಅಷ್ಟೇ ತಾನೆ? ಗೈಡು ಎಣಿಸೋದು ಮರೆತಳು, ತಾತ ಹುಲ್ಲುಗಾವಲಲ್ಲಿ ಉಳಿದುಹೋದರು. ನಿಮ್ಮಮ್ಮ ಹಾಗೆ ಹೇಳಿದಾಳೆ, ಅವಳಿಗೆ ಹಾಗೆ ಹೇಳಿದ್ದು ನಾನು. ಸುಳ್ಳಲ್ಲ ಅದು. ಪೂರ್ತಿ ನಿಜಾನೂ ಅಲ್ಲ.

ತಾತ ದನದ ಡಾಕ್ಟರು ಅಂತ ಗೊತ್ತಲ್ಲ, ಮೂವತ್ನಾಲ್ಕು ವರ್ಷ ಮೈಸೂರು, ನಂಜನಗೂಡು, ಕೊಳ್ಳೇಗಾಲ ಅಂತ ಸರ್ಕಾರಿ ಪಶು ಆಸ್ಪತ್ರೆಗಳಲ್ಲೇ ಕಳೆದೋರು. ನಿಮ್ಮಮ್ಮ ಇಲ್ಲಿ ಇಂಗ್ಲೆಂಡಿನಲ್ಲಿ ಆಸ್ಪತ್ರೆ ಕೆಲಸಕ್ಕೆ ಸೇರಿ, ಏರ್‌ಪೋರ್ಟ್ ಪಕ್ಕ ವಿದನ್‌ಶಾದಲ್ಲಿ ಈ ಮನೆ ಮಾಡಿ, ನಮ್ಮನ್ನೂ ಕರೆಸಿಕೊಂಡಳು. ಬಂದರು, ಆದ್ರೆ ಮುಟ್ಟಿ ನೋಡೋಕೆ ಒಂದು ಹಸು ಇಲ್ಲ. ಪಕ್ಕದ ಮನೆ ನಾಯಿಯ ಕಿವಿ ಮಡಚಿ ಒಳಗೆ ಇಣುಕಿ ನೋಡಿ, ಆ ಯಮ್ಮನ ಕೈಲಿ ಬೈಸಿಕೊಂಡಿದ್ರು ಗೊತ್ತಾ? "ಇನ್‌ಫೆಕ್ಷನ್ ಇದೆ ಮೇಡಂ" ಅಂತ ಇವರು, "ಡು ಐ ನೋ ಯೂ?" ಅಂತ ಅವಳು. ಇನ್‌ಫೆಕ್ಷನ್ ಇದ್ದದ್ದು ನಿಜ, ಅದು ಬೇರೆ ವಿಷಯ. ಎಲ್ಲಿದ್ದೆ? ಹಾಂ. ಒಂದಿನ ಲೈಬ್ರರಿಯಿಂದ ಒಂದು ಹಾಳೆ ಹಿಡ್ಕೊಂಡು ಬಂದರು. ಮಂಗೋಲಿಯಾ, ಹದಿನಾಲ್ಕು ದಿನ, ಗೈಡ್ ಜೊತೆ, ವ್ಯಾನಿನಲ್ಲಿ ಹುಲ್ಲುಗಾವಲು ದಾಟೋದು. ಅಲ್ಲಿ ದನ ಕುರಿ ಕುದುರೆ ಸಾಕೋ ಜನ ಒಂದೇ ಕಡೆ ಇರಲ್ಲ, ಉಣ್ಣೆ ಕಂಬಳಿಯ ದುಂಡು ಡೇರೆ ಹಾಕ್ಕೊಂಡಿರ್ತಾರೆ, ಹುಲ್ಲು ಮುಗಿದ್ರೆ ಡೇರೆ ಬಿಚ್ಚಿ ಬೇರೆ ಕಡೆ ಹೋಗ್ತಾರೆ. "ಬೇಲಿ ಇಲ್ಲ ಕಣೇ ಸರೋಜಾ," ಅಂದರು, "ಇಷ್ಟು ದೊಡ್ಡ ದೇಶ, ಒಂದು ಬೇಲಿ ಇಲ್ಲ." ಆ ಮುಖ ನೋಡಿ ಆಗಲ್ಲ ಅನ್ನೋಕೆ ನನಗೆ ಬಾಯಿ ಬರಲಿಲ್ಲ.

ನಾವು ಹನ್ನೊಂದು ಜನ, ಎಲ್ಲ ಇಂಗ್ಲೆಂಡಿನಿಂದ ಹೋದೋರೇ, ಲೀಡ್ಸಿಂದ ಇಬ್ಬರು, ಬರ್ಮಿಂಗ್‌ಹ್ಯಾಮಿಂದ ನಾಲ್ಕು, ಹೀಗೆ. ಎರಡು ವ್ಯಾನು. ಗೈಡು ಒಬ್ಬಳೇ, ಸಾರೂಲ್ ಅಂತ, ಇಪ್ಪತ್ನಾಲ್ಕು ಇಪ್ಪತ್ತೈದರ ಹುಡುಗಿ. ಶಾಲೆಯಲ್ಲಿ ಕಲಿತ ಇಂಗ್ಲಿಷು, ನಿಧಾನ, ಆದ್ರೆ ವ್ಯಾಕರಣ ಚೆನ್ನಾಗಿತ್ತು. ಹೊಸ ಶಬ್ದ ಸಿಕ್ಕಿದ್ರೆ ಅಂಗೈ ಮೇಲೆ ಪೆನ್ನಲ್ಲಿ ಬರೆದುಕೊಳ್ಳೋಳು. ನಾನು ಮೂವತ್ತೊಂದು ವರ್ಷ ಹೈಸ್ಕೂಲಲ್ಲಿ ಇಂಗ್ಲಿಷ್ ಪಾಠ ಮಾಡಿದೋಳು ಅಂತ ಗೊತ್ತಾದ ಮೇಲೆ ನನ್ನ ಬೆನ್ನು ಬಿಡಲಿಲ್ಲ. "ಮೇಡಂ, ಇದು ಸರಿಯಾ? ಮೇಡಂ, ಅದು ಸರಿಯಾ?" ತಾತ ನಗೋರು, "ಮೇಷ್ಟ್ರಮ್ಮಂಗೆ ಇಲ್ಲೂ ಒಂದು ಕ್ಲಾಸು ಸಿಕ್ತು" ಅಂತ.

ಐದನೇ ದಿನ, ಅಲ್ಲ, ಆರನೇ ದಿನ, ಕುದುರೆ ಹಾಲಿನ ಹುಳಿ ಮಜ್ಜಿಗೆ ಕೊಟ್ಟರಲ್ಲ ಆವತ್ತು, ಆರನೇ ದಿನವೇ. ಸಾಯಂಕಾಲ ಎಲ್ಲ ಒಂದು ಡೇರೆಯಲ್ಲಿ ಊಟಕ್ಕೆ ಕೂತಿದ್ವಿ. ತಾತ ಖುಷಿಯಾಗಿ ಎಲ್ಲರಿಗೂ ಹೇಳಿದರು, "ಮೈ ವೈಫ್ ಈಸ್ ಟೀಚಿಂಗ್ ಮಿ ಸಿನ್ಸ್ ಫಾರ್ಟಿ ಇಯರ್ಸ್." ನಾನು ತಟ್ಟೆಯಿಂದ ತಲೆ ಎತ್ತದೇ, "ಹ್ಯಾಸ್ ಬೀನ್ ಟೀಚಿಂಗ್. ಫಾರ್ ಫಾರ್ಟಿ ಇಯರ್ಸ್" ಅಂದೆ. ಯೋಚನೆ ಮಾಡಿ ಅಂದದ್ದಲ್ಲ, ಕೆಂಪು ಇಂಕಿನ ಅಭ್ಯಾಸ. ಎಲ್ಲರೂ ಹೋ ಅಂತ ನಕ್ಕರು. ತಾತ ನಗಲಿಲ್ಲ. ಹೊರಗೆ ಬಂದ ಮೇಲೆ, "ಅಷ್ಟು ಜನರ ಮುಂದೆ ಬೇಕಿತ್ತೇನೇ?" ಅಂದರು. "ತಪ್ಪಿತ್ತು ರೀ, ಹೇಳಿದೆ." "ತಪ್ಪೇ ಇರಲಿ. ನಲವತ್ತು ವರ್ಷ ತಿದ್ದಿದ್ದೀಯಲ್ಲ, ಸಾಕು. ಈ ಟ್ರಿಪ್ಪು ಮುಗಿಯೋವರೆಗೆ ನನ್ನ ಒಂದು ಮಾತನ್ನೂ ತಿದ್ದಬೇಡ ನೀನು." ನಾನು, "ಆಯ್ತು, ತಿದ್ದಲ್ಲ" ಅಂದೆ. ಸಿಟ್ಟಲ್ಲೇ ಅಂದೆ. ಮಾರನೇ ಬೆಳಿಗ್ಗೆ ಅವರು ಎರಡನೇ ವ್ಯಾನು ಹತ್ತಿದರು, ನಾನು ಮೊದಲನೇದು.

ಆವತ್ತು ಮಧ್ಯಾಹ್ನ ಒಂದು ಬಯಲಲ್ಲಿ ಊಟಕ್ಕೆ ನಿಲ್ಲಿಸಿದ್ರು. ಬಯಲು ಅಂದ್ರೆ ನೀವು ಅಂದುಕೊಳ್ಳೋ ಹಾಗಲ್ಲ, ಪಾರ್ಕಿನ ಹಾಗಲ್ಲ. ಗುರುತು ಇಟ್ಕೊಳ್ಳೋಕೆ ಒಂದು ಮರ ಇಲ್ಲ, ಕಂಬ ಇಲ್ಲ, ರಸ್ತೆ ಅಂದ್ರೆ ಹುಲ್ಲಿನ ಮೇಲೆ ಚಕ್ರದ ಗೆರೆ, ಅದೂ ಹತ್ತು ಕಡೆಗೆ ಹೋಗುತ್ತೆ. ಊಟ ಆಯ್ತು, ಪಾತ್ರೆ ಒಳಗಿಟ್ಟಾಯ್ತು, ನಾನು ನಮ್ಮ ವ್ಯಾನಿನಲ್ಲಿ ಕಿಟಕಿ ಹತ್ತಿರ ಕೂತಿದೀನಿ, ಗಾಜು ಇಳಿಸಿದೆ. ಸಾರೂಲ್ ತಾತನಿಗೆ ಹೇಳ್ತಿದಾಳೆ, "ಡಾಕ್ಟರ್, ವಿ ಗೋ ನೌ." ತಾತನ ಕಣ್ಣು ಆ ಕಡೆ ದಿಣ್ಣೆ ಮೇಲಿತ್ತು. ಅಲ್ಲಿ ಒಂದು ಕುದುರೆ ಮರಿ ಮುಂಗಾಲು ಊರದೇ ಕುಂಟ್ತಾ ಇತ್ತು. ಅದನ್ನೇ ನೋಡ್ತಾ ಕೈ ಎತ್ತಿ, "ಯೆಸ್ ಯೆಸ್, ಐ ಆಮ್ ಕಮಿಂಗ್" ಅಂದರು.

ಗೊತ್ತಾಯ್ತಾ? ಇಲ್ಲ, ನಿಮಗೆ ಹೇಗೆ ಗೊತ್ತಾಗಬೇಕು, ನೀವು "ಬೈ" ಅಂದುಬಿಟ್ಟು ಹೋಗೋರು. ನಮ್ಮಲ್ಲಿ ಹೊರಡೋವಾಗ "ಹೋಗ್ತೀನಿ" ಅನ್ನಬಾರದು. "ಬರ್ತೀನಿ" ಅನ್ನಬೇಕು. ತಾತ ಒಂದು ದಿನಕ್ಕೂ ಹೋಗ್ತೀನಿ ಅಂದೋರಲ್ಲ. "ಬರ್ತೀನಿ ಕಣೇ" ಅಂತ ಬ್ಯಾಗ್ ತಗೊಂಡು ಹೊರಟರೆ ಕರು ಹಾಕಿಸಿ ಯಾವಾಗ ಬರೋರೋ. ಆವತ್ತೂ ಅದನ್ನೇ ಹೇಳಿದರು, ಅದನ್ನೇ ಇಂಗ್ಲಿಷಲ್ಲಿ ಹೇಳಿದರು. ಆ ಮರಿ ಕಾಲು ನೋಡೋಕೆ ಹೋಗ್ತಿದೀನಿ, ಹೋಗಿ ಬರ್ತೀನಿ, ತಡೀರಿ ಅಂತ. ಆ ಹುಡುಗಿಗೆ ಕೇಳಿಸಿದ್ದೇನು? ಬರ್ತಿದೀನಿ, ವ್ಯಾನು ಹತ್ತೋಕೆ ಬರ್ತಿದೀನಿ, ಹೊರಡಿ ಅಂತ. ಅವಳು ಕಲಿತ ಇಂಗ್ಲಿಷಿನಲ್ಲಿ ಅದೇ ಅರ್ಥ, ಅವಳದ್ದೇ ಸರಿ. ಅವಳು ಹಿಂದಿನ ವ್ಯಾನಿನ ಡ್ರೈವರಿಗೆ ಕೈ ಬೀಸಿ ನಮ್ಮ ವ್ಯಾನು ಹತ್ತಿದಳು.

ನನಗೆ ಎರಡೂ ಅರ್ಥ ಆಯ್ತು. ಅಲ್ಲಿದ್ದ ಅಷ್ಟು ಜನರಲ್ಲಿ ಎರಡೂ ಅರ್ಥ ಆಗಿದ್ದು ನನಗೊಬ್ಬಳಿಗೇ. "ಸಾರೂಲ್, ಅವರು ಹೇಳಿದ್ದು ಅದಲ್ಲಮ್ಮ" ಅನ್ನಬೇಕಿತ್ತು, ಬಾಯಿ ತುದಿಗೆ ಬಂದಿತ್ತು. ತಿದ್ದಬೇಡ ಅಂದಿದಾರಲ್ಲ, ತಿದ್ದಲ್ಲ, ಅಂತ ತುಟಿ ಬಿಗಿ ಹಿಡಿದೆ. ಹೇಗೂ ಅವರ ವ್ಯಾನು ಅವರನ್ನ ಬಿಟ್ಟು ಹೋಗಲ್ಲ, ಕಾಯುತ್ತೆ, ಕಾದು ಎಲ್ಲರ ಕೈಲೂ ಬೈಸಿಕೊಳ್ಳಲಿ, ಅಂತಾನೂ ಅಂದುಕೊಂಡೆ. ಹೌದು, ಅಂದುಕೊಂಡೆ. ಗಾಜು ಏರಿಸಿದೆ.

ಆ ಡ್ರೈವರಿಗೆ ಇಂಗ್ಲಿಷ್ ಬರಲ್ಲ. ಅವನು ಸ್ವಲ್ಪ ಹೊತ್ತು ಕಾದನಂತೆ. ದಿಣ್ಣೆ ಆಚೆ ಯಾರೂ ಕಾಣಲಿಲ್ಲ. ಡಾಕ್ಟರು ಹೆಂಡತಿ ಜೊತೆ ರಾಜಿಯಾಗಿ ಮುಂದಿನ ವ್ಯಾನಲ್ಲಿ ಕೂತಿರಬೇಕು ಅಂದುಕೊಂಡ, ಒಳಗಿದ್ದೋರೂ ಹಾಗೇ ಅಂದುಕೊಂಡರು. ನಮ್ಮ ಜಗಳ ಎಲ್ಲರಿಗೂ ಗೊತ್ತಿತ್ತಲ್ಲ. ಅವನು ಬೇರೆ ಗೆರೆ ಹಿಡಿದು ಹೊರಟ. ಅರ್ಧ ಗಂಟೆಗೆ ಆಲಿಕಲ್ಲು ಶುರುವಾಯ್ತು, ವ್ಯಾನಿನ ತಗಡಿನ ಮೇಲೆ ಏನು ಸದ್ದು ಅಂತೀರಾ, ಒಬ್ಬರ ಮಾತು ಒಬ್ಬರಿಗೆ ಕೇಳಿಸ್ತಿರಲಿಲ್ಲ. ಆಮೇಲೆ ಮಳೆ, ಆಮೇಲೆ ಗಾಳಿ. ಟೀಗೆ ನಿಲ್ಲೋ ಜಾಗಕ್ಕೆ ನಾವು ಮೊದಲು ಹೋದ್ವಿ. ಹೊರಟು ಎರಡು ಗಂಟೆ ಆಗಿತ್ತು, ಇಲ್ಲ, ಒಂದು ಗಂಟೆ ಐವತ್ತು ನಿಮಿಷ, ವಾಚು ನೋಡಿದ್ದೆ. ಎರಡನೇ ವ್ಯಾನು ಬಂತು. ಬಾಗಿಲು ತೆಗೀತು. ನಾನು ಮುಖ ತಿರುಗಿಸಿಕೊಂಡು ನಿಂತಿದ್ದೋಳು, ಎಣಿಸಿದೆ. ಶಾಲೆ ಮಕ್ಕಳನ್ನ ಕರ್ಕೊಂಡು ಹೋಗಿ ಹೋಗಿ, ಪ್ರವಾಸ ಅಂದ್ರೆ ಎಣಿಸೋದು ನನಗೆ ಅಭ್ಯಾಸ. ಒಂದು, ಎರಡು, ಮೂರು, ನಾಲ್ಕು, ಐದು. ಆರನೆಯವರು ಇಳೀಲಿಲ್ಲ. ನಾವೆಲ್ಲ ಅವರ ವ್ಯಾನಿನ ಒಳಗೆ ನೋಡ್ತಿದೀವಿ, ಆ ಡ್ರೈವರು ನಮ್ಮ ವ್ಯಾನಿನ ಒಳಗೆ ನೋಡ್ತಿದಾನೆ. ಆಮೇಲೆ ಅವನು ಸೀಟಿಂದ ತಾತನ ಜಾಕೆಟ್ ಎತ್ತಿ ಹಿಡಿದ. ನೀಲಿ ಜಾಕೆಟ್ಟು. ಹತ್ತಿ ಅಂಗಿಯಲ್ಲಿದ್ದರು ಅವರು, ಅರ್ಧ ತೋಳಿಂದು.

ವಾಪಸ್ ಹೋಗೋವಾಗ ದಾರಿಯಲ್ಲಿ ಹಳ್ಳ ತುಂಬಿತ್ತು, ನೀರು ಇಳಿಯೋವರೆಗೆ ಕಾಯಬೇಕಾಯ್ತು. ಚಕ್ರದ ಗೆರೆ ಎಲ್ಲ ಮಳೆಗೆ ಅಳಿಸಿಹೋಗಿತ್ತು. ಸಾರೂಲ್ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ "ಡಾಕ್ಟರ್! ಡಾಕ್ಟರ್!" ಅಂತ ಕೂಗ್ತಾನೇ ಇದ್ದಳು, ಗಂಟಲು ಕಟ್ಟಿಹೋಯ್ತು. ಕೊನೆಗೆ ಒಂದು ಡೇರೆ ಹತ್ತಿರ ಒಬ್ಬ ಹೆಂಗಸು ಎರಡೂ ಕೈ ಬೀಸಿದಳು. ಆ ಕುದುರೆ ಮರಿ ಅವಳದ್ದೇ. ಮರಿಯನ್ನ ಹುಡುಕಿಕೊಂಡು ಅವಳು ಹೋದಾಗ ದಿಣ್ಣೆ ಕೆಳಗೆ ತಾತ ಬಿದ್ದಿದ್ರಂತೆ. ಅವಳೂ ಸೊಸೆಯೂ ಎತ್ತಿಕೊಂಡು ಬಂದು, ಒದ್ದೆ ಬಟ್ಟೆ ತೆಗೆದು, ಕುರಿ ಚರ್ಮ ಹೊದಿಸಿ, ಉಪ್ಪು ಹಾಕಿದ ಹಾಲಿನ ಟೀ ಚಮಚದಲ್ಲಿ ಕುಡಿಸ್ತಾ ಕೂತಿದ್ರು. ತಾತ ನಡುಗ್ತಾ ಇರಲಿಲ್ಲ. ಸದ್ಯ, ನಡುಗ್ತಿಲ್ಲ, ಅಂತ ನಾನು ಸಮಾಧಾನ ಪಟ್ಟುಕೊಂಡೆ. ಮೈ ತೀರ ತಣ್ಣಗಾದ್ರೆ ನಡುಕಾನೂ ನಿಂತುಹೋಗುತ್ತೆ, ಅದು ಒಳ್ಳೇದಲ್ಲ ಅಂತ ಆಮೇಲೆ ನಿಮ್ಮಮ್ಮ ಹೇಳಿ ಗೊತ್ತಾಯ್ತು. ಪಕ್ಕದಲ್ಲಿ ಕೂತೆ. ಕಣ್ಣು ಬಿಟ್ಟರು. "ನಾನು ಬರ್ತೀನಿ ಅಂತ ಹೇಳಿದ್ದೆನಲ್ಲೇ," ಅಂದರು, ಏನೋ ತಪ್ಪು ಮಾಡಿದ ಮಗು ಹೇಳೋ ಹಾಗೆ, "ಆ ಹುಡುಗಿಗೆ ಹೇಳಿದ್ದೆ." ನಾನು, "ಹೇಳಿದ್ರಿ ರೀ. ನನಗೆ ಕೇಳಿಸ್ತು" ಅಂದೆ. "ಮತ್ತೆ?" ಅಂದರು. ಅಷ್ಟೇ. ನಾನು ಕುರಿ ಚರ್ಮ ಅವರ ಕತ್ತಿನವರೆಗೂ ಎಳೆದು ಹೊದಿಸಿದೆ. ಹತ್ತಿರದಲ್ಲಿದ್ದ ಊರಿನ ಆಸ್ಪತ್ರೆಗೆ ಕರ್ಕೊಂಡು ಹೋದ್ವಿ, ಎದೆಯಲ್ಲಿ ಕಫ ಕಟ್ಟಿತು, ಅವರು ಕೈಲಾದದ್ದೆಲ್ಲ ಮಾಡಿದ್ರು. ಮೂರನೇ ದಿನ ಹೋಗಿಬಿಟ್ಟರು.

ನಿಲ್ಲಿ, ಪ್ಲೇನ್ ಹೋಗಲಿ. ಈ ಮನೆಯಲ್ಲಿ ಒಂದು ಮಾತು ನೆಟ್ಟಗೆ ಆಡೋಕಾಗಲ್ಲ.

ಆಮೇಲೆ ಆ ಕಂಪನಿಯಿಂದ ಒಂದು ಫಾರಂ ಬಂತು, ಏನಾಯ್ತು ಬರೀರಿ ಅಂತ. ನಿಮ್ಮಮ್ಮ ಅಳ್ತಾ ಅಳ್ತಾ ತಾನೇ ತುಂಬಿಸಿದಳು. ಗೈಡ್ ಎಣಿಸಲಿಲ್ಲ. ಎಣಿಸಲಿಲ್ಲ, ಅದು ನಿಜ. ಕೆಳಗೆ ಇನ್ನೊಂದು ಪ್ರಶ್ನೆ, ಹೊರಡೋ ಮುಂಚೆ ಗೈಡಿಗೂ ಅವರಿಗೂ ಏನು ಮಾತಾಯ್ತು? "ಅಮ್ಮಾ, ನಿನಗೇನಾದ್ರೂ ಕೇಳಿಸ್ತಾ?" ಅಂದಳು. ನಾನು ಇಲ್ಲ ಅಂದೆ. "ಡಿಡ್ ನಾಟ್ ಹಿಯರ್" ಅಂತ ಅವಳು ಬರೆದಳು, ಕೆಳಗೆ ನಾನು ಸಹಿ ಹಾಕಿದೆ. ಆ ಹುಡುಗಿಯ ಕೆಲಸ ಹೋಯ್ತು. ಮೂರು ತಿಂಗಳಿಗೆ ಅವಳಿಂದ ನನ್ನ ಹೆಸರಿಗೆ ಕಾಗದ ಬಂತು, ಗೆರೆ ಹಾಳೆ, ದುಂಡು ಅಕ್ಷರ, ಒಂದು ಸ್ಪೆಲಿಂಗ್ ತಪ್ಪಿಲ್ಲ. ಡಾಕ್ಟರು ಐ ಆಮ್ ಕಮಿಂಗ್ ಅಂದರು ಮೇಡಂ, ನನಗೆ ಚೆನ್ನಾಗಿ ನೆನಪಿದೆ. ನೀವು ಇಂಗ್ಲಿಷ್ ಟೀಚರು. ಆ ಮಾತಿಗೆ ನಾನು ತಿಳಿದುಕೊಂಡ ಅರ್ಥದಲ್ಲಿ ಏನು ತಪ್ಪಿತ್ತು, ದಯವಿಟ್ಟು ತಿಳಿಸಿ, ಇನ್ನೊಂದು ಸಲ ಹಾಗಾಗಬಾರದು. ಇಷ್ಟೇ ಬರೆದಿದ್ದಳು. ಬೈದಿರಲಿಲ್ಲ. ಬೈದಿದ್ರೆ ಓದಿ ಎತ್ತಿಡಬಹುದಿತ್ತು.

ಒಂದೂವರೆ ವರ್ಷ ಆ ಕಾಗದ ನನ್ನ ಪೆಟ್ಟಿಗೆಯಲ್ಲಿ ಸೀರೆಗಳ ಕೆಳಗಿತ್ತು. ಆಮೇಲೆ ಒಂದಿನ ಕೂತು ಎಲ್ಲ ಬರೆದೆ, ನಿನ್ನ ಅರ್ಥ ಸರಿಯಿತ್ತಮ್ಮ, ತಪ್ಪು ನನ್ನದು ಅಂತ. ಅವಳಿಗೊಂದು, ಕಂಪನಿಗೊಂದು. ಕಂಪನಿಯೋರು ವಿಷಯ ಮುಗಿದಿದೆ, ಆ ಗೈಡು ಈಗ ಇಲ್ಲಿಲ್ಲ ಅಂತ ಎರಡು ಸಾಲು ಬರೆದರು. ಅವಳಿಗೆ ಬರೆದದ್ದು ವಾಪಸ್ ಬಂತು. ಅದರ ಮೇಲೆ ಏನೋ ಮುದ್ರೆ, ಓದೋಕೆ ನನಗೆ ಬರಲ್ಲ. ಅವಳದ್ದು, ನನ್ನದು, ಎರಡೂ ಕಾಗದ ಒಟ್ಟಿಗೇ ಇದೆ. "ಅಜ್ಜಿ, ಡಸ್ ಅಮ್ಮ ನೋ?" ಅಂತ ಕೇಳ್ತೀಯಾ ಇಳಾ? ಇಲ್ಲ ಕಂದ. ಇವತ್ತು ಆರಕ್ಕೆ ಡ್ಯೂಟಿ ಮುಗಿಸಿ ಬರ್ತಾಳಲ್ಲ, ಟೀ ಕುಡೀಲಿ, ಹೇಳ್ತೀನಿ. ನೀವಿಬ್ಬರೂ ಇಲ್ಲೇ ಇರಿ, ನಾನು ಮಧ್ಯದಲ್ಲಿ ನಿಲ್ಲಿಸಿದ್ರೆ ಬಿಡಬೇಡಿ. ತಗೋ, ನಾಲ್ಕನೇ ಜೊತೆ, ಹಾಕು ಬ್ಯಾಗಿಗೆ. ಮತ್ತೆ ಕೇಳು ನಿಧಿ, ನಿನ್ನ ಜೊತೆ ಬರೋ ಹುಡುಗೀರು ಏನಾದ್ರೂ ತಪ್ಪು ತಿಳಿದುಕೊಂಡಿದಾರೆ ಅನಿಸಿದ್ರೆ ಅಲ್ಲೇ, ಆಗಲೇ ಹೇಳಿಬಿಡು. ಬೈದರೆ ಬೈಲಿ. ಬೈಯೋಕಾದ್ರೂ ಇರ್ತಾರೆ.